ಅಳಿಸಿ ಹಾಕುವ ದನಿ

ಹದಿನೆಂಟು ವರ್ಷದಿಂದ ಅವಳದು ಒಂದೇ ಕಸುಬು: ದೊಡ್ಡ ಗಾಯಕಿ ಬರುವ ಮೊದಲು ಸ್ಟುಡಿಯೋಕ್ಕೆ ಹೋಗಿ ಹಾಡನ್ನು ಹಾಡಿಟ್ಟು ಬರುವುದು. ಅದಕ್ಕೆ ಟ್ರ್ಯಾಕ್ ಹಾಡುವುದು ಅಂತಾರೆ. ದೊಡ್ಡವರು ಆಮೇಲೆ ಬಂದು, ಇವಳ ದನಿ ಕೇಳಿ ಕಲಿತು, ಹಾಡಿ ಹೋಗುತ್ತಾರೆ. ಅವರು ಹಾಡಿದ ಮೇಲೆ ಇವಳ ದನಿಯನ್ನು ಅಳಿಸಿ ಹಾಕುತ್ತಾರೆ. ಎಂಥ ನ್ಯಾಯ ನೋಡಿ!

ಹಾಡುಗಳಾದರೂ ಎಂಥವು? ನನ್ನ ಕೈ ಬಿಡಬೇಡ, ನಾನು ಚೆನ್ನಾಗಿಲ್ಲವಾ, ನಿನ್ನ ಮನೆಯ ಮೂಲೆಯಲ್ಲಾದರೂ ಬಿದ್ದಿರಲಾ! ಬರೆದ ಕವಿ ಮಹಾಶಯ ಆರಾಮಾಗಿ ಟೀ ಹೀರುತ್ತಾ, "ಇನ್ನೂ ಸ್ವಲ್ಪ ಅಂಗಲಾಚಬೇಕು ಅಕ್ಕ" ಅಂತಾನೆ. ಇವಳಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ಹಾಡುತ್ತಾಳೆ, ಚೆನ್ನಾಗಿಯೇ ಹಾಡುತ್ತಾಳೆ. ಅಂಗಲಾಚುವುದು ಅವಳಿಗೇನೂ ಹೊಸದಲ್ಲ.

ಮನೆಯಲ್ಲಿ ಅಮ್ಮ ಇದ್ದಾಳಲ್ಲ! ನಲವತ್ತು ವರ್ಷ ಬೀದಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟ ಅಮ್ಮ. ಕಂಡವರ ಮಕ್ಕಳಿಗೆ ಬಾಯ್ತುಂಬ ಭೇಷ್ ಅಂದಳು. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಒಂದು ಸಲವೂ ಅನ್ನಲಿಲ್ಲ. ಅನ್ನೋಕೆ ಅವಳ ಗಂಟೇನು ಹೋಗುತ್ತಿತ್ತು? ಆ ಒಂದು ಮಾತಿಗಾಗಿ ಈ ನಲವತ್ತೆರಡರ ಹೆಂಗಸು ಇವತ್ತಿಗೂ ಕಾದು ಕೂತಿದ್ದಾಳೆ.

ಆ ವಾರ ಸ್ಟುಡಿಯೋದವರು ಎಡವಟ್ಟು ಮಾಡಿದರು. 'ನಾನು ಸಾಕೇನು ನಿನಗೆ, ಒಮ್ಮೆ ಹೌದೆನ್ನು' ಅನ್ನುವ ಹಾಡಿನಲ್ಲಿ ಇವಳ ದನಿ ಅಳಿಸುವುದನ್ನೇ ಮರೆತು, ಅದನ್ನೇ ದೊಡ್ಡ ಗಾಯಕಿಯ ಹೆಸರಿನಲ್ಲಿ ಬಿಡುಗಡೆ ಮಾಡಿಬಿಟ್ಟರು. ಕೇಳಲು ಹೋದರೆ ರೆಕಾರ್ಡಿಂಗ್ ಮಾಡುವವನು ಹಲ್ಲು ಕಿರಿದ.

"ಯಾರಿಗೂ ಗೊತ್ತಾಗಿಲ್ಲ ಬಿಡಿ ಅಕ್ಕ. ಸುಮ್ಮನೆ ಯಾಕೆ ರಾದ್ಧಾಂತ?"

ಹಲ್ಲು ಕಚ್ಚಿಕೊಂಡು ಮನೆಗೆ ಬಂದರೆ, ಅಮ್ಮ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. ರೇಡಿಯೋದಲ್ಲಿ ಅದೇ ಹಾಡು. ಅಮ್ಮನ ಕಣ್ಣಲ್ಲಿ ನೀರು!

"ಭೇಷ್! ಕೇಳು, ಹಾಡಿದರೆ ಹೀಗೆ ಹಾಡಬೇಕು. ನೀನೂ ಇದ್ದೀಯ ದಂಡಕ್ಕೆ."

ಇವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅಮ್ಮ, ಅದು ನಾನು."

"ಹೋಗೇ, ತಲೆಹರಟೆ!"

ಇವಳು ನಿಂತಲ್ಲೇ, ರೇಡಿಯೋದ ಜೊತೆಗೇ ಆ ಸಾಲು ಹಾಡಿದಳು. ಎರಡೂ ಒಂದೇ ದನಿ. ಅಮ್ಮನ ಕೈ ಬೇಳೆಯಲ್ಲೇ ನಿಂತಿತು. ಹಾಡು ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿದಳು. ಇವಳು ಕಾದಳು, ಈಗಲಾದರೂ ಅಂದಾಳು ಅಂತ.

ಅಮ್ಮ ಕಣ್ಣು ಬಿಟ್ಟು ಮೂಗು ಮುರಿದಳು. "ಅದಕ್ಕೇ ನೋಡು, ಆಗಿನಿಂದ ಅನ್ನಿಸ್ತಾ ಇತ್ತು. ಮೇಲೆ ಹೋದಾಗ ಸ್ವಲ್ಪ ಶ್ರುತಿ ತಪ್ಪಿದೆ."

"ತಪ್ಪಿಲ್ಲ," ಅಂದಳು ಮಗಳು. ಜನ್ಮದಲ್ಲಿ ಮೊದಲ ಸಲ ಅಮ್ಮನೆದುರು ಅವಳ ದನಿ ಏರಿತು. "ಈಗ ತಾನೇ ಭೇಷ್ ಅಂದೆಯಲ್ಲ! ಅಷ್ಟು ಹೊತ್ತು ಸರಿಯಾಗಿದ್ದ ಶ್ರುತಿ, ಹಾಡಿದವಳು ನಿನ್ನ ಮಗಳು ಅಂತ ಗೊತ್ತಾದ ತಕ್ಷಣ ತಪ್ಪಿಹೋಯ್ತಾ ಅಮ್ಮ?"