ರೆಪ್ಪೆಯೊಳಗಿನ ಬಣ್ಣ

ಮೊನ್ನೆ ಬೆಳಿಗ್ಗೆ ಬಾಜು ಮನೆಯ ಹುಡುಗಿ ಲಂಗದ ಹುಕ್ಕು ಹಚ್ಚಿಸಿಕೊಳ್ಳಲು ಬಂದಿದ್ದಳು. ಸಾಲೆಗೆ ಹೊತ್ತಾಗಿತ್ತು. ನಾನು ಹೊಲಿಗೆ ಮಷಿನ್ನಿನಿಂದ ತಲೆ ಎತ್ತುವ ಮೊದಲೇ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಮುಖವೆಲ್ಲ ಬಿಳಿ, ಕುತ್ತಿಗೆಯಿಂದ ಕೆಳಗೆ ಅವಳದೇ ಬಣ್ಣ. ಅವಳ ಅಜ್ಜಿಯ ಕೆಲಸ, ಕೇಳಬೇಕಾಗಿರಲಿಲ್ಲ. ಸೂಜಿಗೆ ದಾರ ಪೋಣಿಸಿಕೊಂಡೆ. ಅದೇ ವಾಸನೆ... ಅದರ ಹಿಂದೆಯೇ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು.

ಆಕೆ ವಯಸ್ಸಿನಲ್ಲಿ ನನಗಿಂತ ಸಣ್ಣವಳು. ಆದರೆ ಆಕೆಯ ಗಂಡನನ್ನು ನಾನು ಚಿಕ್ಕಂದಿನಿಂದ ಅಣ್ಣಾ ಎನ್ನುತ್ತಿದ್ದೆ, ಹಾಗಾಗಿ ಆಕೆ ನನಗೆ ವೈನಿ. ನಾನು ತವರಿಗೆ ಮರಳಿ ಬಂದು ಗಜೇಂದ್ರಗಡದ ಈ ಓಣಿಯಲ್ಲಿ ಮಷಿನ್ನು ಹಾಕಿಕೊಂಡು ಕೂತ ವರ್ಷವೇ ಆಕೆ ಲಕ್ಕಲಕಟ್ಟಿಯಿಂದ ಸೊಸೆಯಾಗಿ ಬಂದಳು. ಕಪ್ಪು ಬಣ್ಣ. ನನ್ನ ಕಣ್ಣಿಗೆ ಚೆಂದದ ಕಪ್ಪು, ಅತ್ತೆಯ ಕಣ್ಣಿಗಲ್ಲ. "ದೀಪಾ ಹಚ್ಚರಿ, ನಮ್ಮ ಸೊಸಿ ಎಲ್ಲಿ ಕುಂತಾಳ ಕಾಣವಲ್ಲದು" ಎಂದು ಆ ಮುದುಕಿ ಬಂದವರೆದುರು ಹೇಳಿ ನಗಿಸುತ್ತಿದ್ದಳು. ವೈನಿಯೂ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು. ಗಂಡ ಮಂಗಳೂರಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ, ಹಬ್ಬ ಹುಣ್ಣಿಮೆಗೆ ಬರುತ್ತಿದ್ದ. ಆ ನಗೆಯ ಒಳಗೇನಿತ್ತೆಂದು ಪಾಪ ಯಾರ ಮುಂದೆ ಹೇಳಬೇಕು?

ಮಗಳು ಹುಟ್ಟಿದಾಗ ಕೂಸು ತುಸು ತಿಳಿಬಣ್ಣಕ್ಕಿತ್ತು. ಹುಟ್ಟಿದ ಕೂಸುಗಳೆಲ್ಲ ಹಾಗೇ ಇರುತ್ತವೆ. ವೈನಿ ಮಾತ್ರ ಅದನ್ನು ಒಡವೆಯಂತೆ ಕಾಯತೊಡಗಿದಳು. "ನನ್ನ ಬಣ್ಣ ಬಂದಿಲ್ಲ ನೋಡಕ್ಕಾ" ಎಂದು ಕೂಸಿನ ಕೈಯನ್ನು ತನ್ನ ಕೈ ಪಕ್ಕ ಹಿಡಿದು ತೋರಿಸುತ್ತಿದ್ದಳು. ಉಣ್ಣುವ ವಯಸ್ಸು ಬಂದಾಗಲೂ ಅದಕ್ಕೆ ಬೆಳ್ಳನೆಯದನ್ನು ಬಿಟ್ಟು ಬೇರೇನೂ ತಿನ್ನಿಸಲಿಲ್ಲ. ಎಮ್ಮೆ ಹಾಲು, ಹಾಲು ಅನ್ನ, ಸಕ್ಕರೆ, ಹಾಲಿನಲ್ಲಿ ಅದ್ದಿದ ಬಿಸ್ಕೀಟು. ಸಜ್ಜಿ ರೊಟ್ಟಿ ಬೇಡ, ಮಡಕಿಕಾಳು ಬೇಡ, ಮೆಂತ್ಯೆ ಪಲ್ಯ ಬೇಡ, ಬೆಲ್ಲ ಕೂಡ ಬೇಡ. ಅಂಗನವಾಡಿಯ ಟೀಚರು ರಕ್ತ ಹೆಚ್ಚಾಗಲೆಂದು ಕಬ್ಬಿಣಾಂಶದ ಹನಿ ಕೊಟ್ಟಿದ್ದರು. ಅದನ್ನು ಹಾಕಿದ ಮೇಲೆ ಕೂಸು ಕಪ್ಪಗೆ ಕಕ್ಕ ಮಾಡಿತು. ಬಾಟಲಿ ತಿಪ್ಪೆ ಸೇರಿತು. ಯಾಕೆ ಎಸೆದೆ ಎಂದು ನಾನು ಬೈದರೆ ಆಕೆ ಅಂದಳು:

"ಹೊಟ್ಟ್ಯಾಗ ಕರ್ರಗಾದ ಮ್ಯಾಲೆ ಮೈ ಕರ್ರಗಾಗಾಕ ಎಷ್ಟ ಹೊತ್ತಕ್ಕಾ?"

ಕೂಸು ದಿನದಿನಕ್ಕೆ ಬೆಳ್ಳಗಾಗುತ್ತಾ ಹೋಯಿತು. ಓಣಿಯವರೆಲ್ಲ ಹೊಗಳಿದರು. ಅತ್ತೆ ಕೂಡ ಎತ್ತಿಕೊಂಡು ಆಡಿಸಿದಳು, ಮುಖಕ್ಕೆ ಪೌಡರು ಬಳಿದು ಕಟ್ಟೆಯ ಮೇಲೆ ಕೂತು ಹೋಗುವವರನ್ನು ಕರೆಕರೆದು ತೋರಿಸಿದಳು. ಕೂಸು ಕೂಡಿಸಿದಲ್ಲಿ ಕೂಡುತ್ತಿತ್ತು, ಹಟವಿಲ್ಲ, ರಂಪವಿಲ್ಲ. ಶಾಣ್ಯಾ ಕೂಸು ಎಂದರು ಎಲ್ಲರೂ. ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ತಿನ್ನುತ್ತಿತ್ತು. ಮಣ್ಣು ತಿನ್ನದ ಕೂಸು ಯಾವುದಿದೆ ಎಂದರು. ದೃಷ್ಟಿ ತಾಗಬಾರದೆಂದು ವೈನಿ ಅದರ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಡುತ್ತಿದ್ದಳು. ಆ ಮೈಮೇಲೆ ಆಕೆ ಬಿಟ್ಟುಕೊಂಡ ಕಪ್ಪು ಅದೊಂದೇ.

ಒಂದು ದಿನ ಕೂಸಿಗೆ ಜ್ವರ ಬಂತು. ಜ್ವರಕ್ಕಿಂತ ಹೆಚ್ಚಾಗಿ ಅದು ಏದುಸಿರು ಬಿಡುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಇಬ್ಬರೂ ಟಂಟಂ ಹಿಡಿದು ರೋಣದ ದವಾಖಾನೆಗೆ ಹೋದೆವು. ಡಾಕ್ಟರಮ್ಮ ಮೊದಲು ಮುಖದ ಪೌಡರು ಒರೆಸಿದರು. ಆಮೇಲೆ ಬೆರಳಿನಿಂದ ಕೂಸಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ಹಾಳೆಯ ಹಾಗೆ ಬಿಳಿ.

"ಕೂಸು ಬೆಳ್ಳಗಿಲ್ಲಮ್ಮಾ," ಅಂದರು. "ಇದರ ಮೈಯಾಗ ರಕ್ತ ಇಲ್ಲ."

ಗದಗಿಗೆ ಒಯ್ದು ರಕ್ತ ಏರಿಸಿದರು. ಮರುದಿನ ಅದರ ತುಟಿಗೆ, ಅಂಗೈಗೆ ರಂಗು ಬಂತು. ಬಿಳಚಿಕೆ ಇಳಿದ ಮೇಲೆ ಕೆಳಗಿದ್ದ ನಿಜವಾದ ಬಣ್ಣ ಕಂಡಿತು. ಅದು ತಾಯಿಯದೇ ಬಣ್ಣ. ವೈನಿ ಅಳತೊಡಗಿದಳು. ಬಣ್ಣ ಹೋಯಿತೆಂದು ಅಳುತ್ತಿದ್ದಾಳೆ ಎಂದುಕೊಂಡು ನನಗೆ ಸಿಟ್ಟೇ ಬಂತು. ಆಕೆ ಕೂಸಿನ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. "ಕರ್ರಗ ಆಗ್ಲಿ ಅಕ್ಕಾ... ನನ್ನ ಹಂಗ ಆಗ್ಲಿ. ಬದುಕಿದ್ರ ಸಾಕು."

ಅಲ್ಲಿಂದ ಮೇಲೆ ವೈನಿಗೆ ಒಂದೇ ಹುಚ್ಚು. ಡಾಕ್ಟರಮ್ಮ ಹೇಳಿದಂತೆ ಹಾಲು ಕಡಿಮೆ ಮಾಡಿದಳು. ಕಾಳು ಬೇಯಿಸಿ ಹಿಚುಕಿ, ಸೊಪ್ಪಿಗೆ ಲಿಂಬೆ ಹಿಂಡಿ ಉಣಿಸಿದಳು. ಹನಿಯ ಬಾಟಲಿಯನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡಳು. ಕೂಸು ಓಡಾಡಿತು, ಹಟ ಮಾಡಿತು, ನನ್ನ ಕತ್ತರಿ ಕದ್ದೊಯ್ದಿತು. ಅದನ್ನು ಅಟ್ಟಿಸಿಕೊಂಡು ಬರುವಾಗ ವೈನಿಯ ಮುಖ ನೋಡಬೇಕಿತ್ತು...

ಆಮೇಲೆ ಆಕೆ ಮತ್ತೆ ಬಸುರಿಯಾದಳು. ಅಂಗನವಾಡಿಯಲ್ಲಿ ಬಸುರಿಯರಿಗೆ ಊಟ ಹಾಕುತ್ತಿದ್ದರು. ತನ್ನ ಪಾಲಿನ ಮೊಟ್ಟೆಯನ್ನೂ ಶೇಂಗಾ ಚಿಕ್ಕಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮಗಳಿಗೆ ತಿನ್ನಿಸುತ್ತಿದ್ದಳು. "ನೀ ತಿನ್ನು ವೈನಿ" ಎಂದರೆ, "ನನಗೇನಾಗೈತಿ? ಅಕಿಗೆ ರಕ್ತ ಕಡಿಮಿ ಐತಿ" ಎನ್ನುತ್ತಿದ್ದಳು. ನರ್ಸಮ್ಮ ಕೊಟ್ಟ ಗುಳಿಗೆ ನುಂಗಿದರೆ ವಾಂತಿಯಾಗುತ್ತದೆಂದು ಅದನ್ನೂ ಬಿಟ್ಟಿದ್ದಳು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದಳು. ಬಸುರಿ, ಹಾಗೇ ಇರುತ್ತದೆ ಎಂದರು. "ಕರೇ ಮೈಯವ್ರು ಗಟ್ಟಿ ಇರ್ತಾರ ಬಿಡು" ಎಂದಳು ಅತ್ತೆ. ಆ ಕಪ್ಪಿನಲ್ಲಿ ಬಿಳಚಿಕೆ ಯಾರ ಕಣ್ಣಿಗೂ ಬೀಳಲಿಲ್ಲ.

ಹೆರಿಗೆ ನೋವು ದಿನ ತುಂಬುವ ಮೊದಲೇ ಬಂತು. ಗಾಡಿ ಬರುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ಹೋಗುವುದಕ್ಕಾದರೂ ಆ ಮೈಯಲ್ಲಿ ಎಷ್ಟಿತ್ತು... ರೋಣ ಮುಟ್ಟುವ ಮೊದಲೇ ವೈನಿ ಹೋದಳು. ಎಳೆಯ ಕೂಸೂ ಉಳಿಯಲಿಲ್ಲ. ಅಣ್ಣ ಮಂಗಳೂರಿನಿಂದ ಬಂದು, ಮಣ್ಣು ಕೊಟ್ಟು, ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ. ಮಗಳು ಅವನ ಜೇಬಿನಲ್ಲಿ ಚಿಕ್ಕಿ ಹುಡುಕುತ್ತಿದ್ದಳು.

ಹುಕ್ಕು ಹಚ್ಚಿ ದಾರ ಕಡಿದೆ. ಅರಿವೆಯ ತುದಿಯನ್ನು ನೀರಲ್ಲಿ ಅದ್ದಿ ಹುಡುಗಿಯ ಮುಖದ ಪೌಡರು ಒರೆಸಿದೆ. ಅಜ್ಜಿ ಬೈಯುತ್ತಾಳೆಂದು ಕೊಸರಾಡಿದಳು. ಬೈಯಲಿ, ಆ ಮುದುಕಿಗೆ ನಾನು ಉತ್ತರ ಕೊಡುತ್ತೇನೆ. ಪೌಡರಿನ ಕೆಳಗಿಂದ ವೈನಿಯ ಮುಖ ಬಂತು. ಹುಡುಗಿಯನ್ನು ಬೆಳಕಿಗೆ ನಿಲ್ಲಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದೆ.

"ಏನ್ ನೋಡಾಕತ್ತೀರಿ ಅತ್ತೀ?"

"ಕಸಾ ಬಿದ್ದೈತೇನಂತ ನೋಡಿದ್ನಿ. ಹೋಗು, ಸಾಲಿಗೆ ಹೊತ್ತಾತು."

ಒಳಗೆ ಕೆಂಪಗಿತ್ತು. ಅದನ್ನು ನೋಡಲು ಒಂದು ಬೆರಳು ಸಾಕಾಯಿತು. ದಿನಾ ನನ್ನ ಹೊಸ್ತಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದ ವೈನಿಯ ಕಣ್ಣನ್ನು ಓಣಿಯಲ್ಲಿ ಯಾರೂ ಹೀಗೆ ನೋಡಲಿಲ್ಲ.