ಕಾಂಡ್ಲಾ ಕಾಡಿಗೆ ಹೊರಟದ್ದು

ಐಸ್ ಕಡಿಯುವ ಸದ್ದು. ಆ ಬೇಸಿಗೆಯೆಲ್ಲ ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಅದೇ. ನನ್ನ ಓರಗಿತ್ತಿ ಫ್ರೀಜರಿನಿಂದ ಒಂದು ಐಸ್ ಕ್ಯೂಬ್ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲು ಈ ದವಡೆಯಿಂದ ಆ ದವಡೆಗೆ ಉರುಳಿಸುವುದು, ಆಮೇಲೆ ತಡೆಯಲಾರದೆ ಕಟಕ್ ಅಂತ ಕಡಿದುಬಿಡುವುದು. ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ ನನಗೆ ಆ ಕಟಕ್ ಕೇಳಿದರೆ ನನ್ನ ಗಂಟಲೇ ಒಣಗುತ್ತಿತ್ತು.

ಅವಳ ಕಿಡ್ನಿ ಎರಡೂ ಹೋಗಿದ್ದವು. ದಿನ ಬಿಟ್ಟು ದಿನ ತಿಪಟೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಕುಡಿಯುವ ನೀರಿಗೂ ಡಾಕ್ಟರು ಕಟ್ಟು ಹಾಕಿದ್ದರು. ಆ ಬಾಯಾರಿಕೆಯನ್ನು ಐಸಿನಲ್ಲಿ ಮೋಸ ಮಾಡುತ್ತಿದ್ದಳು, ಪೂರ್ ಥಿಂಗ್.

ಅವಳು ನನ್ನ ಮೈದುನನ ಹೆಂಡತಿ. ಹುಳಿಯಾರು ಕಡೆಯ ಹಳ್ಳಿಯವಳು. ನಾನು ಕಾನ್ವೆಂಟ್ ಹುಡುಗಿ, ಅವಳು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಡಿದವಳು. ಈ ತೆಂಗಿನ ತೋಟದ ಮನೆಗೆ ಸೊಸೆಯರಾಗಿ ಬಂದ ನಾವಿಬ್ಬರೂ ಒಂದೇ ಒಲೆಯ ಮುಂದೆ ಮುದುಕಿಯರಾದೆವು. ನನ್ನ ಯಜಮಾನರು ತೀರಿಕೊಂಡ ಮೇಲೂ ಮನೆ ತುಂಬ ಮಕ್ಕಳು ಮೊಮ್ಮಕ್ಕಳು ಇದ್ದೇ ಇದ್ದರು. ಆದರೆ ಕಂಪನಿ ಅನ್ನುವುದು ಬೇರೆ. ನನಗಿದ್ದ ಕಂಪನಿ ಅವಳು.

ಒಂದು ಮಧ್ಯಾಹ್ನ ನನ್ನ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಹೊನ್ನಾವರದ ಹತ್ತಿರ, ನದಿ ಸಮುದ್ರ ಸೇರುವಲ್ಲಿ, ಕಾಂಡ್ಲಾ ಕಾಡಿನ ಒಳಗೆ ಹಲಗೆ ಹಾಸಿ ಮಾಡಿದ ದಾರಿ. ಕಾಂಡ್ಲಾ ಅಂದರೆ ನಾವು ಜಾಗ್ರಫಿಯಲ್ಲಿ ಓದಿದ ಮ್ಯಾಂಗ್ರೋವ್. ನಮ್ಮ ಕಾನ್ವೆಂಟಿನ ಸಿಸ್ಟರ್ ಬಣ್ಣದ ಚಾಕ್‌ಪೀಸಿನಲ್ಲಿ ಬೋರ್ಡಿನ ತುಂಬ ಅದರ ಬೇರುಗಳನ್ನು ಬರೆದಿದ್ದರು. ನೋಡುವುದು ಮಾತ್ರ ಈ ವಯಸ್ಸಿನವರೆಗೂ ಆಗಿರಲಿಲ್ಲ.

"ಇದೇನಕ್ಕ, ಬೇರೆಲ್ಲ ಮಣ್ಣಿಂದ ಈಚೆಗೆ ಬಂದವೆ?" ಅಂದಳು ಓರಗಿತ್ತಿ, ಕನ್ನಡಕ ಒರೆಸಿಕೊಂಡು.

"ಉಸಿರಾಡಕ್ಕೆ ಕಣೇ. ಉಬ್ಬರ ಬಂದಾಗ ನೀರು ತುಂಬುತ್ತೆ, ಇಳಿತದಲ್ಲಿ ಖಾಲಿ ಆಗುತ್ತೆ. ದಿನಕ್ಕೆ ಎರಡು ಸಲ."

"ದಿನಾ ಎರಡು ಸಲ ತುಂಬಿ ಖಾಲಿಯಾಗ್ತದಾ? ಅಲ್ಲಿ ಗೇಟ್ ಎತ್ತೋನು ಯಾರಕ್ಕ? ನಮ್ಮ ಬೋರನಕಣಿವೆ ಡ್ಯಾಮಿನೋನಾಗಿದ್ರೆ ಕೆಲ್ಸ ಬುಟ್ಟು ಓಡೋಗ್ತಿದ್ದ."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಫೋನು ಕೆಳಗಿಡಲಿಲ್ಲ. "ನಾನು ಸಮುದ್ರ ನೋಡೇ ಇಲ್ಲ ಕಣಕ್ಕ. ನೋಡ್ದಂಗೇ ಹೋಗ್ಬುಡ್ತೀನೇನೋ," ಅಂದಳು. ದುಃಖದಲ್ಲಿ ಅಲ್ಲ. ಮಳೆ ಬರಲ್ಲವೇನೋ ಅನ್ನುವ ಹಾಗೆ.

ಆ ಕ್ಷಣದಿಂದ ಶುರುವಾಯಿತು ನಮ್ಮ ಪ್ಲ್ಯಾನ್. ನೈಟ್ ಹಾಲ್ಟ್ ಮಾಡುವಂತಿಲ್ಲ. ಒಂದು ಡಯಾಲಿಸಿಸ್ಸಿಗೂ ಇನ್ನೊಂದಕ್ಕೂ ನಡುವೆ ಸಿಗುವ ಒಂದೇ ಹಗಲಿನಲ್ಲಿ ಘಟ್ಟ ಇಳಿದು, ಸಮುದ್ರ ನೋಡಿ, ಘಟ್ಟ ಹತ್ತಿ ಬರಬೇಕು. ಡಾಕ್ಟರು ಮುಖ ಸಿಂಡರಿಸಿದರು. ಆಮೇಲೆ, "ಕರ್ಕೊಂಡು ಹೋಗಿ ಬನ್ನಿ. ಮಾರನೇ ದಿನದ ಡಯಾಲಿಸಿಸ್ ಮಾತ್ರ ತಪ್ಪಿಸಬೇಡಿ," ಅಂದರು. ಅವಳು ಉಳಿಯುತ್ತಾಳೆ ಅಂತ ನಮಗಿದ್ದಷ್ಟು ಆಸೆ ಆ ಡಾಕ್ಟರಿಗೆ ಇರಲಿಲ್ಲ ಅಂತ ಈಗ ಅನಿಸುತ್ತದೆ.

ಹಲಗೆದಾರಿಯವರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಿಕೊಂಡು, "ಗಾಲಿಕುರ್ಚಿ ಹೋಗ್ತದೆ ಅಮ್ಮ, ಅಡ್ಡಿಲ್ಲ. ಆದ್ರೆ ಇಳಿತದ ಹೊತ್ತಿಗೆ ಬನ್ನಿ. ಬೇರು, ಏಡಿ ಎಲ್ಲ ಚೆಂದ ಕಾಣ್ತದೆ," ಅಂದರು. ಇಳಿತದ ಹೊತ್ತು ದಿನದಿನಕ್ಕೂ ಜರುಗುತ್ತದಂತೆ. ಡಯಾಲಿಸಿಸ್ ಜರುಗುವುದಿಲ್ಲ. ಎರಡನ್ನೂ ಹೊಂದಿಸಲು ನಾನು ಕ್ಯಾಲೆಂಡರ್ ಮುಂದೆ ಕೂತರೆ ಓರಗಿತ್ತಿ ಪಕ್ಕದಲ್ಲಿ ಕೂತು, "ಮದುವೆ ಲಗ್ನ ನೋಡ್ದಂಗೆ ನೋಡ್ತೀಯಲ್ಲಕ್ಕ," ಅಂತ ರೇಗಿಸುತ್ತಿದ್ದಳು. ಕೊನೆಗೂ ಒಂದು ದಿನ ಕೂಡಿ ಬಂತು. ತಿಪಟೂರಿನ ಒಂದು ಕಾರು ಗೊತ್ತು ಮಾಡಿದೆವು. ಬುತ್ತಿಗೆ ಉಪ್ಪಿಲ್ಲದ ರೊಟ್ಟಿ, ಬೇಯಿಸಿ ನೀರು ಬಸಿದ ತರಕಾರಿ. ಕಾಯಿ ಹಾಕದ ಪಲ್ಯ ನಮ್ಮ ಕಡೆ ಪಲ್ಯವೇ ಅಲ್ಲ. ಅವಳು ಅದನ್ನೂ ರೂಢಿ ಮಾಡಿಕೊಂಡಿದ್ದಳು.

ಮೈದುನನಿಗೆ ಮಾತ್ರ ಈ ಪ್ರಯಾಣ ಅರ್ಥವಾಗಿರಲಿಲ್ಲ. "ಅಲ್ಲೇನೈತೆ ಅತ್ಗೆ? ಉಪ್ಪುನೀರು. ತೆಂಗೂ ಐತಂತೆ, ಆದ್ರೆ ಆ ಕಾಯಿ ನಮ್ಮ ಕೊಬ್ಬರಿ ಮುಂದೆ ನಿಂತ್ಕೊಳಲ್ಲ."

"ನೀವು ಕೊಬ್ಬರಿ ಕಾವಲು ಕಾಯ್ಕೊಂಡು ಇಲ್ಲೇ ಇರ್ರೀ, ನಾವಿಬ್ರೇ ಹೋಗಿ ಬತ್ತೀವಿ," ಅಂದಳು ಹೆಂಡತಿ.

"ನಿನ್ನ ಒಬ್ಬಳನ್ನೇ ಬುಟ್ರೆ ಅಲ್ಲೇ ಮೀನು ಹಿಡ್ಕೊಂಡು ಕೂತ್ಬುಡ್ತೀಯ ಕಣೇ. ನಾನೂ ಬತ್ತೀನಿ."

ನಾನು ಹೇಳಬೇಕಾದ್ದು ಈಗ ಬರುತ್ತದೆ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಎಳನೀರು ತರುತ್ತಾರೆ. ಜ್ವರಕ್ಕೆ ಎಳನೀರು, ಬಾಣಂತಿಗೆ ಎಳನೀರು, ಸಾಯುವವರ ಬಾಯಿಗೂ ಎಳನೀರು. ಆದರೆ ಕಿಡ್ನಿ ಹೋದವರಿಗೆ ಅದು ಆಗದು. ಅದರಲ್ಲಿ ಪೊಟ್ಯಾಶಿಯಂ ತುಂಬ ಇರುತ್ತದೆ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹಾರ್ಟ್ ನಿಂತುಹೋಗಬಹುದು ಅಂತ ಡಾಕ್ಟರು ಎಲ್ಲರ ಮುಂದೆಯೂ ಹೇಳಿದ್ದರು. ಹಾಗಾಗಿ ಬಂದವರ ಗೊನೆಗಳನ್ನು ನಾನು ಗೇಟಿನಲ್ಲೇ ವಾಪಸು ಕಳಿಸುತ್ತಿದ್ದೆ. ದಂಡಿನಶಿವರದಿಂದ ಬಂದಿದ್ದ ನೆಂಟರೊಬ್ಬರು ನನಗೆ ಕೇಳುವ ಹಾಗೇ ಅಂದರು: "ಓದಿದೋಳು ಕಣ್ರೀ. ತೋಟದ ತುಂಬ ಮರ ಇಟ್ಕೊಂಡು ಓರಗಿತ್ತಿ ಬಾಯಿಗೆ ಒಂದು ಬುರುಡೆ ನೀರು ಬುಡಲ್ಲ." ಅನ್ನಲಿ ಬಿಡಿ ಅಂದುಕೊಂಡೆ.

ಮೈದುನನಿಗೂ ಬಿಡಿಸಿ ಹೇಳಿದ್ದೆ. ಅವನು ಬೆರಳು ಗಲ್ಲಕ್ಕೆ ಇಟ್ಟುಕೊಂಡು ಕೇಳಿದ. "ಪೊಟ್ಯಾಶ್ ಅಂದ್ರೆ ನಾನು ಮರದ ಬುಡಕ್ಕೆ ಹಾಕ್ತೀನಲ್ಲ, ಆ ಗೊಬ್ಬರವಾ ಅತ್ಗೆ?"

"ಹೂಂ ಕಣಪ್ಪ, ಅದೇ."

"ಓಹೋ," ಅಂದ. ಅರ್ಥವಾಯಿತು ಅಂದುಕೊಂಡೆ. ಅರ್ಥವಾಗಿತ್ತು ಕೂಡ, ಅವನ ರೀತಿಯಲ್ಲಿ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ ಅವಳನ್ನು ಮನೆಗೆ ಬಿಟ್ಟು, ಮಧ್ಯಾಹ್ನ ಗಾಲಿಕುರ್ಚಿ ತರಲು ತುರುವೇಕೆರೆಗೆ ಹೋಗಿದ್ದೆ. ಇಳಿಹೊತ್ತಿಗೆ ಬಂದಾಗ ಓರಗಿತ್ತಿ ಜಗಲಿ ಮೇಲೆ ಕೂತಿದ್ದಳು. ತುಟಿ ಒದ್ದೆಯಾಗಿತ್ತು. ಎಷ್ಟೋ ತಿಂಗಳಿಂದ ನೋಡದಿದ್ದ ಗೆಲುವು ಮುಖದಲ್ಲಿ. ಪಕ್ಕದಲ್ಲಿ ಕೆತ್ತಿದ ಎಳನೀರಿನ ಬುರುಡೆಗಳು, ಒಂದಲ್ಲ.

"ಅಕ್ಕ, ಬೈಬೇಡ. ನಾನೇ ಕೇಳಿದ್ದು," ಅಂದಳು.

ನಾನು ಬುರುಡೆ ಎಣಿಸಿದೆ. ಮೈದುನ ಮಚ್ಚು ಒರೆಸುತ್ತ ಬಂದು, ಭರವಸೆ ಕೊಡುವವನಂತೆ ಹೇಳಿದ: "ಹೆದರಬೇಡಿ ಅತ್ಗೆ. ಬಚ್ಚಲ ಹಿಂದಿನ ಮರದ್ದು. ಆ ಮರಕ್ಕೆ ನಾನು ಹುಟ್ಟಿದಾಗಿಂದ ಪೊಟ್ಯಾಶ್ ಹಾಕಿಲ್ಲ. ಬರೀ ಕೊಟ್ಟಿಗೆ ಗೊಬ್ಬರ. ನಾಳೆ ಅಷ್ಟು ದೂರ ಹೋಗಬೇಕಲ್ಲ, ಮೈ ತಂಪಾಗಿರಲಿ ಅಂತ."

ತೋಟವೆಲ್ಲ ಸುತ್ತಿ, ಮರ ಮರವನ್ನೂ ಯೋಚಿಸಿ, ವಿಷವಿಲ್ಲದ ಮರ ಇದೇ ಅಂತ ಆರಿಸಿದ್ದ. ಅಂಥವನಿಗೆ ಏನಂತ ಬೈಯಲಿ? ಯೂ ಟೆಲ್ ಮಿ.

ದೀಪ ಹಚ್ಚುವ ಹೊತ್ತಿಗೆ ಅವಳು ಕಾಲು ತನ್ನದಲ್ಲ ಅನಿಸ್ತದೆ ಅಂದಳು. ಬೆಳಿಗ್ಗೆಗೆ ಹೇಳಿದ್ದ ಕಾರನ್ನೇ ಕರೆಸಿದೆವು. ತಿಪಟೂರಿನ ಆಸ್ಪತ್ರೆಯವರು, ರಾತ್ರಿ ಇಲ್ಲಿ ಡಯಾಲಿಸಿಸ್ ಇಲ್ಲ, ತಡ ಮಾಡದೆ ಹಾಸನಕ್ಕೆ ಹೋಗಿ ಅಂದರು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆ ಮೇಲಿತ್ತು. ಮೈದುನ ಮುಂದೆ ಕೂತಿದ್ದ.

"ನಾಳೆ ಹೋಗೋದೂ ಇದೇ ದಾರೀನಾ ಅಕ್ಕ?"

"ಹೂಂ ಕಣೇ. ಅರಸೀಕೆರೆವರೆಗೂ ಇದೇ."

"ಹಂಗಾದ್ರೆ ಅಷ್ಟು ದೂರ ಆಯ್ತು ಅನ್ನು."

ಮಾರನೇ ಬೆಳಿಗ್ಗೆ, ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದಾಗ ಫೋನ್ ಬಂತು. ಹಲಗೆದಾರಿಯವರು. "ಎಲ್ಲಿಗೆ ಮುಟ್ಟಿದ್ರಿ ಅಮ್ಮ? ನೀರು ಇಳೀಲಿಕ್ಕೆ ಶುರುವಾಯ್ತು." ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಬರಲು ಆಗಲಿಲ್ಲ, ಸಾರಿ, ಅಂದೆ. ಅವರು, "ಅಡ್ಡಿಲ್ಲ, ಇನ್ನೊಮ್ಮೆ ಬನ್ನಿ," ಅಂದರು.

ಎವೆರಿಥಿಂಗ್ ಹ್ಯಾಸ್ ಎ ರೀಸನ್ ಅಂತ ನಮ್ಮ ಸಿಸ್ಟರ್ ಹೇಳುತ್ತಿದ್ದರು. ರೀಸನ್ ನನಗೆ ಗೊತ್ತು. ಕಾಯಿಲೆಯ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಪ್ರಾರ್ಥನೆಗೆ ಕೂತರೆ ಈಗ ಯಾವ ಭಾಷೆಯ ಮಾತೂ ಬರುವುದಿಲ್ಲ. ಮೈದುನ ಆಗಾಗ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ಹಾಕ್ದಿದ್ರೂ ಮರದಲ್ಲಿ ಎಲ್ಲಿಂದ ಬಂತು ಅತ್ಗೆ?" ಅಂತ ಕೇಳುತ್ತಾನೆ. "ಮಣ್ಣಲ್ಲೇ ಇರುತ್ತೆ ಕಣಪ್ಪ," ಅಂತೀನಿ. ಆ ಉತ್ತರ ಅವನಿಗೆ ಬೇಡ. ನನಗೂ ಬೇಡ. ಅವನು ಹೋಗಿ, ಮತ್ತೊಂದು ದಿನ ಬಂದು, ಅದನ್ನೇ ಕೇಳುತ್ತಾನೆ.

ಜೀವ ಇದ್ದಾಗ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ರಾತ್ರಿ, ಹಾಸನದ ಆಸ್ಪತ್ರೆಯ ಒಳಬಾಗಿಲಿನಲ್ಲಿ. ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ನಮ್ಮನ್ನು ಮುಂದೆ ಬಿಡಲಿಲ್ಲ. ತಳ್ಳಿಕೊಂಡು ಹೋಗುತ್ತಿದ್ದ ನರ್ಸಿನ ಮಾತು ಕರಾವಳಿ ಕಡೆಯದು. ಅದು ಓರಗಿತ್ತಿಯ ಕಿವಿಗೆ ಬಿದ್ದಿರಬೇಕು.

"ಯಾವೂರವ್ವ ನಿಂದು?"

"ಕಡಲ ಬದಿಯೇ ಅಮ್ಮ."

"ಹೌದಾ? ಹೆಂಗಿರ್ತದವ್ವ ಅದು?"

ನರ್ಸ್ ನಡೆಯುತ್ತಲೇ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳತೊಡಗಿದಳು. ನನಗೆ ಕೇಳಿಸಲಿಲ್ಲ. ಓರಗಿತ್ತಿ ಮುಖವನ್ನು ಅವಳ ಕಡೆಗೆ ತಿರುಗಿಸಿಕೊಂಡಿದ್ದಳು. ನನಗೆ ಕಂಡದ್ದು ದಿಂಬಿನಿಂದ ಜಾರಿ ನೇತಾಡುತ್ತಿದ್ದ ತೆಳ್ಳನೆಯ ಬಿಳಿ ಜಡೆ ಮಾತ್ರ.