ಜನವರಿಯಿಂದ ಜುಲೈಗೆ ನಾಲ್ಕು ಹೆಜ್ಜೆ

"ಆ ನಕ್ಷತ್ರಕ್ಕೆ ಹೋಗಿ ಸರಪಳಿ ಹಿಡಿದವರು ಯಾರು ಮಗೂ?"

ಕೇಳಿದವರು ಯಾರೋ ಹೆಬ್ಬೆಟ್ಟಿನವರಲ್ಲ ಸ್ವಾಮೀ. ಬಂಟ್ವಾಳದ ಕಡೆ ಜೀವಮಾನವಿಡೀ ಸರಪಳಿ ಹಿಡಿದು ಜಮೀನು ಅಳೆಯುವ ಸರ್ವೆಯರ್ ಆಗಿದ್ದು ನಿವೃತ್ತರಾದ ಮಹನೀಯರು. ಕಳೆದ ಶನಿವಾರ ಮೂಡುಬಿದಿರೆಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಅವರೇ ತೀರ್ಪುಗಾರರು. ಎದುರಿಗಿದ್ದವಳು ನನ್ನ ಅಕ್ಕನ ಮಗಳು ಸುಮತಿ, ಎಸ್ಸೆಸ್ಸೆಲ್ಸಿ.

ನಮ್ಮದು ಅಳಿಯಕಟ್ಟಿನ ಮನೆ, ವಂಶ ತಾಯಿಯ ಕಡೆಯಿಂದ. ಅಕ್ಕನ ಮಗಳು ಎಲ್ಲಿಯವರೆಗೆ ಓದಬೇಕೆಂದು ಹೇಳುವವನು ಸೋದರಮಾವ, ಅಂದರೆ ನಾನು. "ಫಸ್ಟ್ ಪ್ರೈಜ್ ತಾ, ಮಂಗಳೂರಿನ ಕಾಲೇಜಿನ ವಿಷಯ ಆಮೇಲೆ ನೋಡುವ" ಎಂದಿದ್ದೆ. (ದೊಡ್ಡ ಮನುಷ್ಯ!)

ಹುಡುಗಿ ಮಾಡಿದ್ದೇನು? ಸ್ಟೂಲಿನ ಮೇಲೊಂದು ಲಾಟೀನು, ಅದು ಸೂರ್ಯ. ಸುತ್ತ ನೆಲದಲ್ಲಿ ಸೀಮೆಸುಣ್ಣದ ವೃತ್ತ, ಭೂಮಿಯ ದಾರಿ. ಆಚೆ ದಾರದಲ್ಲಿ ತೂಗುವ ಲಿಂಬೆ ಹತ್ತಿರದ ನಕ್ಷತ್ರ. ಹಿಂದಿನ ಗೋಡೆಯ ಮಸಿ ಚುಕ್ಕೆಗಳು ದೂರದ ನಕ್ಷತ್ರಗಳು.

"ಲಾಟೀನಿನ ಎಡಕ್ಕೆ ಇಲ್ಲಿ ನಿಲ್ಲಿ ಸರ್, ಈಗ ಜನವರಿ. ಲಿಂಬೆ ಯಾವ ಚುಕ್ಕೆಯ ಎದುರು ಉಂಟು?"

"ಆ ದೊಡ್ಡದರ ಎದುರು."

"ಈಗ ಲಾಟೀನಿನ ಆಚೆ, ಬಲ ಬದಿಗೆ ಬನ್ನಿ, ಜುಲೈ."

ನಾಲ್ಕು ಹೆಜ್ಜೆ. ಲಿಂಬೆ ಬೇರೆ ಚುಕ್ಕೆಯ ಎದುರಿಗೆ ಜರುಗಿತ್ತು!

"ಹತ್ತಿರ ಇದ್ದರೆ ಹೆಚ್ಚು ಜರುಗ್ತದೆ ಸರ್, ದೂರ ಇದ್ದರೆ ಕಡಿಮೆ. ಜನವರಿಯ ಜಾಗಕ್ಕೂ ಜುಲೈಯ ಜಾಗಕ್ಕೂ ಎಷ್ಟು ಅಂತರ ಅಂತ ಗೊತ್ತುಂಟು. ಎಷ್ಟು ಜರುಗಿತು ಅಂತ ಅಳೆದರೆ ನಕ್ಷತ್ರ ಎಷ್ಟು ದೂರ ಅಂತ ಸಿಗ್ತದೆ."

(ನಂಬಿಕೆಯಿಲ್ಲವೇ? ಹೆಬ್ಬೆರಳನ್ನು ಮುಖದ ಮುಂದೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬೆರಳು ಹಾರುತ್ತದೋ ಇಲ್ಲವೋ? ನಕ್ಷತ್ರಕ್ಕಾದರೆ ಆ ಎರಡು ಕಣ್ಣುಗಳ ನಡುವೆ ಆರು ತಿಂಗಳ ದಾರಿ ಬೇಕು. ಅಷ್ಟಾದರೂ ಅದು ಜರುಗುವುದು ಕೂದಲೆಳೆಯಷ್ಟು.)

ಆಗ ಬಂತು ಆ ಸರಪಳಿಯ ಪ್ರಶ್ನೆ. ಸುಮತಿ ಮೆಲ್ಲಗೆ ಕೇಳಿದಳು, "ನೇತ್ರಾವತಿಯ ಅಗಲ ಅಳೆಯುವಾಗ ನೀವು ಸರಪಳಿ ಹಿಡಿದು ಹೊಳೆಗೆ ಇಳಿಯುತ್ತಿದ್ದಿರಾ ಸರ್?"

ಸುತ್ತಲಿದ್ದವರು ನಕ್ಕುಬಿಟ್ಟರು. ತೀರ್ಪುಗಾರರ ಮುಖ ಕೆಂಪಾಯಿತು. ಅಂಕದ ಪುಸ್ತಕದಲ್ಲಿ "ಅಧಿಕಪ್ರಸಂಗಿ" ಎಂದು ಬರೆದದ್ದನ್ನು ನಾನೇ ಕಣ್ಣಾರೆ ಕಂಡೆ. ಬಹುಮಾನ ಬಣ್ಣದ ನೀರಿನ ಕಾರಂಜಿಗೆ ಹೋಯಿತು.

ಹೊಟ್ಟೆ ಉರಿಯುವುದಿಲ್ಲವೇ? ಗೊತ್ತಿಲ್ಲದವರು ಕೇಳಿದ್ದರೆ ಕ್ಷಮಿಸಬಹುದಿತ್ತು. ಈ ದಡದಲ್ಲಿ ಎರಡು ಗೂಟ ನೆಟ್ಟು ನಡುವಿನ ಅಂತರ ಅಳೆದು, ಎರಡೂ ಕಡೆಯಿಂದ ಆಚೆ ದಡದ ತೆಂಗಿನಮರಕ್ಕೆ ಗುರಿ ಹಿಡಿದು, ಪಂಚೆ ಒದ್ದೆಯಾಗದಂತೆ ಹೊಳೆ ಅಳೆದವರು ಇವರು! ಅದೇ ವಿದ್ಯೆಯನ್ನು ಹುಡುಗಿಯೊಬ್ಬಳು ಆಕಾಶಕ್ಕೆ ಹಿಡಿದರೆ ಅಧಿಕಪ್ರಸಂಗವೇ? ಸರಿಯಾದ ಉತ್ತರಕ್ಕೆ ಸೊನ್ನೆ ಕೊಡಲು ಸರ್ವೆಯರೇ ಬೇಕಿತ್ತೇ?

ಎದ್ದು ನಿಂತು ಹೀಗೆ ಕೇಳಬೇಕಿತ್ತು ನಾನು. ಕೇಳಿದೆನೇ? ಇಲ್ಲ. ಶಾಲೆಯವರು ಕೊಟ್ಟ ಕಾಫಿ ಕುಡಿಯುತ್ತ ಕೂತಿದ್ದೆ.

ನಮ್ಮೂರು ತೋಡಾರಿಗೆ ಮರಳುವ ಬಸ್ಸಿನಲ್ಲಿ ಸುಮತಿ ಲಿಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದನ್ನೇ ತಿರುಗಿಸುತ್ತ, "ನಾನು ಹಾಗೆ ಕೇಳಬಾರದಿತ್ತಾ ಮಾವ?" ಎಂದಳು.

ಕಪಾಳಕ್ಕೆ ಹೊಡೆದಂತಾಯಿತು. ಯಾಕೆಂದರೆ ತಿಂಗಳ ಹಿಂದೆ ನಮ್ಮ ಜಗಲಿಯಲ್ಲಿ ಅವಳು ಹೀಗೆಯೇ ಲಿಂಬೆ ತೂಗುಹಾಕಿದಾಗ, "ಎಂಥದು ಮಾರಾಯ್ತಿ, ಅಲ್ಲಿಗೆ ಹೋಗಿ ನೋಡಿದವರು ಯಾರು?" ಎಂದು ಮೊದಲು ನಕ್ಕವನು ನಾನು.

ಜೂನ್ ತಿಂಗಳಲ್ಲಿ ಅವಳು ಕಾಲೇಜಿಗೆ ಹೋಗುತ್ತಾಳೆ. ಪ್ರೈಜೂ ಬೇಡ, ಷರತ್ತೂ ಬೇಡ, ಪೆಟ್ಟಿಗೆ ನಾನೇ ಹೊರುತ್ತೇನೆ.

ಸರಿ ಹೇಳಿದ ಹುಡುಗಿಯ ಬಾಯಲ್ಲಿ "ಕೇಳಬಾರದಿತ್ತಾ" ಎನ್ನಿಸಿದವರು ಆ ಸರ್ವೆಯರೂ ನಾನೂ ಇಬ್ಬರೇ, ಅಥವಾ ನಿಮ್ಮ ಜಗಲಿಯಲ್ಲೂ ಒಬ್ಬರು ಕೂತಿದ್ದಾರೆಯೇ?